ಗಾಯಕ್ಕೆ ಹಚ್ಚುವ ಟ್ಯೂಬುಗಳು: ಸೋಫ್ರಾಮೈಸಿನ್, ನಿಯೋಸ್ಪೊರಿನ್, ಮ್ಯುಪಿರೊಸಿನ್, ಮತ್ತೆ ಬರೀ ಪೆಟ್ರೋಲಿಯಂ ಜೆಲ್ಲಿ

ಮೊಣಕಾಲು ತರಚಿದರೆ ಮನೆಯ ಔಷಧದ ಡಬ್ಬಿಯಿಂದ ಮೊದಲು ಹೊರಗೆ ಬರುವುದು ಮಡಚಿ ಮಡಚಿ ಸಣಕಲಾದ ಒಂದು ಟ್ಯೂಬು. ಅದು ಸೋಫ್ರಾಮೈಸಿನ್ ಇರಬಹುದು, ನಿಯೋಸ್ಪೊರಿನ್ ಇರಬಹುದು, ಹಿಂದೊಮ್ಮೆ ಮಗುವಿಗೆ ವೈದ್ಯರು ಬರೆದುಕೊಟ್ಟು ಉಳಿದ ಟಿ-ಬ್ಯಾಕ್ಟ್ (ಮ್ಯುಪಿರೊಸಿನ್) ಇರಬಹುದು. ಇಲ್ಲವೇ ಮೆಡಿಕಲ್ ಶಾಪಿನಲ್ಲಿ ‘ಇದು ಎಲ್ಲದಕ್ಕೂ ಆಗುತ್ತೆ’ ಎಂದು ಕೊಟ್ಟ ಇನ್ಯಾವುದೋ. ಮನೆಯವರ ಪಾಲಿಗೆ ಎಲ್ಲವೂ ‘ಗಾಯದ ಮುಲಾಮು’. ಒಳಗಿನ ಔಷಧಗಳು ಮಾತ್ರ ಒಂದಕ್ಕೊಂದು ಬೇರೆ, ಅವು ಮಾಡಬಲ್ಲ ಹಾನಿಯೂ ಬೇರೆ.

ತೀರ್ಪನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಚೆನ್ನಾಗಿ ತೊಳೆದ ಸಣ್ಣ ಗಾಯಕ್ಕೆ ಇವುಗಳಲ್ಲಿ ಯಾವ ಆಂಟಿಬಯೋಟಿಕ್ ಟ್ಯೂಬೂ ಬೇಕಾಗುವುದಿಲ್ಲ, ಬಿಳಿ ಪೆಟ್ರೋಲಿಯಂ ಜೆಲ್ಲಿ ಸಾಕು. ಸೋಂಕು ನಿಜಕ್ಕೂ ಹತ್ತಿದ್ದರೆ ಮ್ಯುಪಿರೊಸಿನ್ ಅಥವಾ ಫ್ಯುಸಿಡಿಕ್ ಆಸಿಡ್ ಒಳ್ಳೆಯ ಔಷಧ. ಅದು ವೈದ್ಯರು ಗಾಯ ನೋಡಿದ ಮೇಲೆ, ಅವರು ಹೇಳಿದಷ್ಟೇ ದಿನ.

ಜೆಲ್ಲಿಯ ಪರವಾಗಿ ಗಟ್ಟಿ ಆಧಾರವಿದೆ. 1996ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆ ‘ಜಾಮಾ’ದಲ್ಲಿ ಒಂದು ಅಧ್ಯಯನ ಬಂತು. ಚರ್ಮದ ಸಣ್ಣ ಶಸ್ತ್ರಚಿಕಿತ್ಸೆ ಆದ 922 ಜನರಲ್ಲಿ ಕೆಲವರಿಗೆ ಬ್ಯಾಸಿಟ್ರಾಸಿನ್ ಎಂಬ ಆಂಟಿಬಯೋಟಿಕ್ ಮುಲಾಮು, ಉಳಿದವರಿಗೆ ಬರೀ ಬಿಳಿ ಪೆಟ್ರೋಲಿಯಂ ಜೆಲ್ಲಿ ಕೊಟ್ಟು ನೋಡಿದರು. ಸೋಂಕು ಜೆಲ್ಲಿಯವರಲ್ಲಿ 100ಕ್ಕೆ 2, ಬ್ಯಾಸಿಟ್ರಾಸಿನ್‌ನವರಲ್ಲಿ 100ಕ್ಕೆ 0.9. ಲೆಕ್ಕಶಾಸ್ತ್ರದ ಪ್ರಕಾರ ಇದು ಆಕಸ್ಮಿಕವಾಗಿಯೂ ಬರಬಹುದಾದಷ್ಟು ಸಣ್ಣ ಅಂತರ. ಅಲರ್ಜಿ ಎದ್ದದ್ದು ಬ್ಯಾಸಿಟ್ರಾಸಿನ್ ಹಚ್ಚಿದ ನಾಲ್ವರಿಗೆ, ಜೆಲ್ಲಿಯವರಲ್ಲಿ ಒಬ್ಬರಿಗೂ ಇಲ್ಲ. ಒಂದು ಮಾತು ನೆನಪಿರಲಿ: ಅವೆಲ್ಲ ಶುದ್ಧವಾದ ಕೋಣೆಯಲ್ಲಿ ಆದ ಗಾಯಗಳು. ಟಾರು ರಸ್ತೆಯಲ್ಲಿ ಬೈಕಿನಿಂದ ಜಾರಿ, ಮರಳು ಹೊಕ್ಕ ಮೊಣಕೈಗೆ ಈ ಫಲಿತಾಂಶ ಹೊಂದಬೇಕಾದರೆ ಮೊದಲು ಆ ಗಾಯ ಅಷ್ಟೇ ಶುದ್ಧವಾಗಬೇಕು.

ಹಾಗಾಗಿ ಮುಲಾಮಿಗಿಂತ ಮುಂಚೆ ನಲ್ಲಿ. ರಕ್ತ ಬರುತ್ತಿದ್ದರೆ ಶುಭ್ರ ಬಟ್ಟೆ ಅಥವಾ ಗಾಜ್ ಇಟ್ಟು 10 ನಿಮಿಷ ಒತ್ತಿ ಹಿಡಿಯಿರಿ. ನಡುನಡುವೆ ತೆಗೆದು ನೋಡಿದರೆ ಹೆಪ್ಪು ಕಿತ್ತುಹೋಗಿ ಮತ್ತೆ ಮೊದಲಿನಿಂದ ಒತ್ತಬೇಕಾಗುತ್ತದೆ. ಆಮೇಲೆ ಕುಡಿಯಲು ಯೋಗ್ಯವಾದ ಹರಿಯುವ ನೀರಿನಲ್ಲಿ 5ರಿಂದ 10 ನಿಮಿಷ ತೊಳೆಯಿರಿ. ಸೋಪು ಗಾಯದ ಸುತ್ತಲಿನ ಚರ್ಮಕ್ಕೆ. ಉಳಿದ ಮರಳಿನ ಕಣವನ್ನು ಸ್ಪಿರಿಟ್‌ನಲ್ಲಿ ಒರೆಸಿದ ಚಿಮಟಿಗೆಯಿಂದ ತೆಗೆಯಿರಿ. ಒಳಗೇ ಬಿಟ್ಟ ಕಣ ಸೋಂಕಿಗೆ ನೆಲೆಯಾಗುತ್ತದೆ, ವಾಸಿಯಾದ ಮೇಲೆ ಕಪ್ಪು ಕಲೆಯಾಗಿ ಉಳಿಯುತ್ತದೆ. ಎಷ್ಟು ತೊಳೆದರೂ ಕೊಳೆ ಬಿಡದಿದ್ದರೆ ಅದು ಮನೆಯ ಕೆಲಸವಲ್ಲ. ನೀರು ಬೆರೆಸದ ಡೆಟಾಲ್, ಸ್ಪಿರಿಟ್, ನೊರೆ ಬರುವ ಹೈಡ್ರೋಜನ್ ಪೆರಾಕ್ಸೈಡ್ ತೆರೆದ ಗಾಯದೊಳಗೆ ಬೇಡ. ಕ್ರಿಮಿ ಸಾಯುವುದರ ಜೊತೆಗೆ ಗಾಯ ಮುಚ್ಚಲು ಬರುತ್ತಿರುವ ಹೊಸ ಜೀವಕೋಶಗಳೂ ಸಾಯುತ್ತವೆ. ಅರಿಶಿನ, ಕಾಫಿಪುಡಿ, ಸುಣ್ಣ, ಟೂತ್‌ಪೇಸ್ಟ್ ಯಾವುದೂ ಬೇಡ.

ತೊಳೆದು ಒತ್ತಿ ಒಣಗಿಸಿದ ಮೇಲೆ ತೆಳುವಾಗಿ ಜೆಲ್ಲಿ, ಅದರ ಮೇಲೆ ಅಂಟದ ಪಟ್ಟಿ. ದಿನಕ್ಕೊಮ್ಮೆ, ಅಥವಾ ಪಟ್ಟಿ ಒದ್ದೆಯಾದಾಗ ಬದಲಿಸಿ. ‘ಗಾಯಕ್ಕೆ ಗಾಳಿ ಆಡಲಿ’ ಎಂದು ತೆರೆದಿಟ್ಟರೆ ಮೇಲೆ ಗಟ್ಟಿ ಹಕ್ಕಳೆ ಕಟ್ಟುತ್ತದೆ. ಅಂಚಿನಿಂದ ಹೊಸ ಚರ್ಮ ಹರಡಲು ತೇವ ಬೇಕು, ಒಣ ಹಕ್ಕಳೆಯ ಕೆಳಗೆ ಅದು ನಿಧಾನವಾಗುತ್ತದೆ. ಜೆಲ್ಲಿಯನ್ನು ಟ್ಯೂಬಿನಲ್ಲಿ ಕೊಳ್ಳಿ. ಎಲ್ಲರೂ ಬೆರಳು ಅದ್ದಿದ, ತುಟಿಗೂ ಹಿಮ್ಮಡಿಗೂ ಹಚ್ಚುವ ಡಬ್ಬಿ ಗಾಯಕ್ಕೆ ತಕ್ಕದ್ದಲ್ಲ.

ಇನ್ನು ಸೋಫ್ರಾಮೈಸಿನ್. ಇದು ಶೇ. 1ರ ಫ್ರಾಮೈಸೆಟಿನ್ ಇರುವ ಕ್ರೀಮು. ನಿಯೋಸ್ಪೊರಿನ್‌ನಲ್ಲಿ ಮೂರು ಔಷಧ: ನಿಯೋಮೈಸಿನ್, ಪಾಲಿಮಿಕ್ಸಿನ್-ಬಿ, ಬ್ಯಾಸಿಟ್ರಾಸಿನ್. ಫ್ರಾಮೈಸೆಟಿನ್ ಎಂದರೆ ನಿಯೋಮೈಸಿನ್-ಬಿ, ಅಂದರೆ ಎರಡೂ ಒಂದೇ ಮನೆಯವು. ಚರ್ಮಕ್ಕೆ ಸೋಂಕು ತರುವ ಬ್ಯಾಕ್ಟೀರಿಯಾಗಳಲ್ಲಿ ಸ್ಟ್ಯಾಫಿಲೊಕಾಕಸ್ (ಸ್ಟ್ಯಾಫ್) ಮೇಲೆ ಇವು ಕೆಲಸ ಮಾಡುತ್ತವೆ, ಸ್ಟ್ರೆಪ್ಟೊಕಾಕಸ್ ಮೇಲೆ ದುರ್ಬಲ. ನಿಯೋಸ್ಪೊರಿನ್‌ಗೆ ಬ್ಯಾಸಿಟ್ರಾಸಿನ್ ಸೇರಿರುವುದು ಆ ಕೊರತೆ ತುಂಬಲು, ಪಾಲಿಮಿಕ್ಸಿನ್ ಸೇರಿರುವುದು ಸ್ಯೂಡೊಮೊನಾಸ್‌ನಂಥ ಬ್ಯಾಕ್ಟೀರಿಯಾಗಳಿಗೆ. ಕಾಗದದ ಮೇಲೆ ಜಾಣ ಮಿಶ್ರಣ. ಆದರೆ ಸಣ್ಣ ತರಚಿಗೆ ‘ನಿಯೋಸ್ಪೊರಿನ್ ಹಚ್ಚಿದೆ, ಬೇಗ ವಾಸಿಯಾಯಿತು’ ಎನ್ನುವಾಗ ಅದರಲ್ಲಿ ದೊಡ್ಡ ಪಾಲು ಮುಲಾಮಿನ ಜಿಡ್ಡಿನದು. ಅದೂ ಜೆಲ್ಲಿಯಂತೆಯೇ ಗಾಯವನ್ನು ತೇವವಾಗಿಡುತ್ತದೆ.

ಈ ಎರಡು ಟ್ಯೂಬುಗಳ ದೊಡ್ಡ ದೋಷ ಅಲರ್ಜಿ. ಅಮೆರಿಕದ ಸಂಪರ್ಕ ಚರ್ಮರೋಗ ತಜ್ಞರ ಸಂಘ ಪ್ರತಿವರ್ಷ ಒಂದು ‘ವರ್ಷದ ಅಲರ್ಜಿಕಾರಕ’ವನ್ನು ಹೆಸರಿಸುತ್ತದೆ. 2003ರಲ್ಲಿ ಅದು ಬ್ಯಾಸಿಟ್ರಾಸಿನ್, 2010ರಲ್ಲಿ ನಿಯೋಮೈಸಿನ್. ಅಲರ್ಜಿ ಬಂದಾಗ ಏನಾಗುತ್ತದೆ ಎಂಬುದನ್ನು ಸರಿಯಾಗಿ ತಿಳಿದಿರಬೇಕು, ಏಕೆಂದರೆ ಬಹುಪಾಲು ಜನ ಮೋಸಹೋಗುವುದು ಇಲ್ಲೇ. ಹಚ್ಚಿದ ಎರಡು ಮೂರು ದಿನಕ್ಕೆ, ಕೆಲವೊಮ್ಮೆ ವಾರದ ಮೇಲೆ, ಗಾಯದ ಸುತ್ತ ಕೆಂಪಾಗುತ್ತದೆ, ಕಡಲೆಹಿಟ್ಟು ಉದುರಿಸಿದಂತೆ ಸಣ್ಣ ಗುಳ್ಳೆ ಏಳುತ್ತದೆ, ನೀರು ಒಸರುತ್ತದೆ. ‘ಸೋಂಕು ಜಾಸ್ತಿಯಾಯಿತು’ ಎಂದು ಇನ್ನಷ್ಟು ದಪ್ಪಗೆ ಹಚ್ಚುತ್ತಾರೆ, ಅದು ಇನ್ನಷ್ಟು ಹರಡುತ್ತದೆ. ಆಗ ನಿಯೋಸ್ಪೊರಿನ್ ಬಿಟ್ಟು ಸೋಫ್ರಾಮೈಸಿನ್ ತರುತ್ತಾರೆ. ಮನೆ ಒಂದೇ ಆದ್ದರಿಂದ ಚರ್ಮ ಅದಕ್ಕೂ ಹಾಗೆಯೇ ಕೆರಳುತ್ತದೆ.

ಅಲರ್ಜಿ, ಸೋಂಕು ಎರಡನ್ನೂ ಬೇರೆ ಮಾಡಿ ನೋಡಲು ದಾರಿಯಿದೆ. ಅಲರ್ಜಿಯಲ್ಲಿ ತುರಿಕೆ ಮುಂದು, ನೋವು ಹಿಂದು. ಮುಲಾಮು ಅಥವಾ ಪಟ್ಟಿ ಮುಟ್ಟಿದಷ್ಟು ಜಾಗದ ಆಕಾರದಲ್ಲೇ ಕೆಂಪು ಇರುತ್ತದೆ. ಸೋಂಕಿನಲ್ಲಿ ನೋವು, ಬಿಸಿ, ಊತ, ಕೀವು. ತುರಿಕೆಯೇ ಮುಖ್ಯವಾದರೆ ಟ್ಯೂಬು ನಿಲ್ಲಿಸಿ, ನೀರಿನಲ್ಲಿ ತೊಳೆದು ಬರೀ ಜೆಲ್ಲಿ ಹಚ್ಚಿ, ವೈದ್ಯರಿಗೆ ತೋರಿಸಿ. ಅಲರ್ಜಿ ಹೌದು ಎಂದಾದರೆ ‘ನಿಯೋಮೈಸಿನ್ ಆಗುವುದಿಲ್ಲ’ ಎಂದು ಬರೆದಿಟ್ಟುಕೊಳ್ಳಿ. ಕಣ್ಣು, ಕಿವಿಯ ಹನಿಗಳಲ್ಲೂ ಇದೇ ಔಷಧ ಇರುತ್ತದೆ, ಇದೇ ಬಳಗದ ಜೆಂಟಾಮೈಸಿನ್‌ಗೂ ಕೆಲವರ ಚರ್ಮ ಇದೇ ರೀತಿ ಕೆರಳುತ್ತದೆ. ಕಿವಿ ಸೋರುವ ಮಕ್ಕಳಿಗೆ ಈ ಮುಲಾಮನ್ನು ಹತ್ತಿಗೆ ಹಚ್ಚಿ ಕಿವಿಯೊಳಗೆ ತೂರಿಸಲೇಬೇಡಿ. ತಮಟೆ ತೂತಾಗಿದ್ದರೆ ನಿಯೋಮೈಸಿನ್ ಒಳಗಿವಿಗೆ ಇಳಿದು ಕೇಳಿಸುವ ಶಕ್ತಿಯನ್ನೇ ಹಾಳುಮಾಡಬಹುದು, ಹೋದ ಕಿವಿ ಮರಳಿ ಬರುವುದಿಲ್ಲ.

ಆಂಟಿಬಯೋಟಿಕ್ ಪುಡಿಗಳನ್ನು ನಾವು ಶಿಫಾರಸು ಮಾಡುವುದಿಲ್ಲ. ಒಸರುವ ಗಾಯದ ಮೇಲೆ ಪುಡಿ ಗಟ್ಟಿಯಾಗಿ ಕೂತು, ಕೆಳಗೆ ಕೀವು ಕಟ್ಟಿದರೂ ಕಾಣದಂತೆ ಮುಚ್ಚಿಬಿಡುತ್ತದೆ.

ಮ್ಯುಪಿರೊಸಿನ್ ಶೇ. 2, ಟಿ-ಬ್ಯಾಕ್ಟ್ ಮೊದಲಾದ ಹೆಸರಿನಲ್ಲಿ ಸಿಗುವುದು. ಈ ಸಾಲಿನಲ್ಲಿ ನಮ್ಮ ಮೆಚ್ಚುಗೆ ಹೆಚ್ಚು ಇದಕ್ಕೇ, ಅದಕ್ಕೆಂದೇ ಇದನ್ನು ಸುಮ್ಮನೆ ಖರ್ಚು ಮಾಡಬಾರದು ಎಂಬ ಕಾಳಜಿಯೂ ಇದರ ಬಗ್ಗೆಯೇ ಹೆಚ್ಚು. ಸ್ಯೂಡೊಮೊನಾಸ್ ಫ್ಲೋರೆಸೆನ್ಸ್ ಎಂಬ ಬ್ಯಾಕ್ಟೀರಿಯಾದಿಂದ ಬಂದ ಇದು, ಬೇರೆ ಆಂಟಿಬಯೋಟಿಕ್‌ಗಳು ಮುಟ್ಟದ ಜಾಗದಲ್ಲಿ ಹೊಡೆಯುತ್ತದೆ. ಹಾಗಾಗಿ ಹಲವು ಔಷಧಗಳಿಗೆ ಬಗ್ಗದ ಎಂಆರ್‌ಎಸ್‌ಎ ಸ್ಟ್ಯಾಫ್ ಕೂಡ ಇದಕ್ಕೆ ಬಗ್ಗುತ್ತದೆ. ದೊಡ್ಡ ಶಸ್ತ್ರಚಿಕಿತ್ಸೆಗೆ ಮೊದಲು ರೋಗಿಯ ಮೂಗಿನಲ್ಲಿ ಕೂತ ಸ್ಟ್ಯಾಫ್ ತೆಗೆಯಲು ಆಸ್ಪತ್ರೆಗಳು ನೆಚ್ಚಿಕೊಂಡಿರುವುದು ಇದನ್ನೇ. ಪ್ರತಿ ಸೊಳ್ಳೆ ಕಡಿತಕ್ಕೂ, ಪ್ರತಿ ಮೊಡವೆಗೂ ಹಚ್ಚಿ ಬ್ಯಾಕ್ಟೀರಿಯಾಗಳಿಗೆ ಇದರ ಅಭ್ಯಾಸ ಮಾಡಿಸಿದರೆ ಆ ಆಸರೆ ತಪ್ಪುತ್ತದೆ.

ಇದರ ಸರಿಯಾದ ಕೆಲಸ ಇಂಪೆಟಿಗೊ. ಮಕ್ಕಳ ಮೂಗು, ಬಾಯಿಯ ಸುತ್ತ ಏಳುವ, ಜೇನುತುಪ್ಪ ಒಣಗಿದಂತೆ ಹಳದಿ ಹಕ್ಕಳೆ ಕಟ್ಟುವ ಹುಣ್ಣು ಅದು. ಹಕ್ಕಳೆಯ ಮೇಲೆ ಹಚ್ಚಿದ ಔಷಧ ಕೆಳಗಿನ ಬ್ಯಾಕ್ಟೀರಿಯಾವನ್ನು ಮುಟ್ಟುವುದಿಲ್ಲ, ‘ಟಿ-ಬ್ಯಾಕ್ಟ್ ಹಚ್ಚಿದರೂ ವಾಸಿಯಾಗಲಿಲ್ಲ’ ಎಂಬ ದೂರಿನ ಹಿಂದೆ ಹಲವು ಸಲ ಇರುವುದು ಇದೇ. ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆಯನ್ನು 5–10 ನಿಮಿಷ ಇಟ್ಟು ನೆನೆಸಿ, ತಾನಾಗಿ ಬಿಡುವಷ್ಟನ್ನು ಮೆಲ್ಲಗೆ ತೆಗೆದು, ಒಣಗಿಸಿ, ಆಮೇಲೆ ಹಚ್ಚಬೇಕು. ಸಾಮಾನ್ಯವಾಗಿ ದಿನಕ್ಕೆ ಎರಡು ಅಥವಾ ಮೂರು ಸಲ, 5 ದಿನ. 10 ದಿನಕ್ಕಿಂತ ಹೆಚ್ಚು ಬೇಡ. ಮಗುವಿನ ಉಗುರು ಕತ್ತರಿಸಿ, ಟವೆಲ್ ಬೇರೆ ಇಡಿ. ಮೂರು ದಿನಕ್ಕೂ ತಗ್ಗದಿದ್ದರೆ, ಹುಣ್ಣು ಹಲವೆಡೆ ಎದ್ದಿದ್ದರೆ, ಜ್ವರವಿದ್ದರೆ ಬಾಯಿಂದ ಕೊಡುವ ಔಷಧ ಬೇಕಾಗುತ್ತದೆ. ಹುಣ್ಣು ವಾಸಿಯಾದ ಎರಡು ಮೂರು ವಾರದ ಮೇಲೆ ಮಗುವಿನ ಮುಖ ಊದಿದರೆ, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಅಂದೇ ವೈದ್ಯರಲ್ಲಿಗೆ ಹೋಗಿ. ಸ್ಟ್ರೆಪ್ಟೊಕಾಕಸ್ ಸೋಂಕಿನ ಬಳಿಕ ಕಿಡ್ನಿಗೆ ಉರಿಯೂತ ಬರುವುದುಂಟು. ಇನ್ನೊಂದು ಎಚ್ಚರ: ಮ್ಯುಪಿರೊಸಿನ್ ಮುಲಾಮಿನ ತಳ ಪಾಲಿಎಥಿಲೀನ್ ಗ್ಲೈಕಾಲ್ ಆಗಿದ್ದರೆ ಹಸಿ ಗಾಯಕ್ಕೆ ಉರಿಯುತ್ತದೆ, ದೊಡ್ಡ ಸುಟ್ಟಗಾಯದಿಂದ ಮೈಯೊಳಗೆ ಸೇರುತ್ತದೆ, ಕಿಡ್ನಿ ತೊಂದರೆ ಇರುವವರು ವೈದ್ಯರಿಗೆ ಹೇಳಲೇಬೇಕು.

ಫ್ಯುಸಿಡಿಕ್ ಆಸಿಡ್ ಶೇ. 2 ಡೆನ್ಮಾರ್ಕಿನಿಂದ ಬಂದ ಔಷಧ. ಸ್ಟ್ಯಾಫ್ ವಿರುದ್ಧ ಚೆನ್ನಾಗಿ ಕೆಲಸ ಮಾಡುತ್ತದೆ, ಅಲರ್ಜಿ ಅಪರೂಪ, ದಿನಕ್ಕೆ ಮೂರು ಸಲದಂತೆ ಒಂದು ವಾರ. ಆದರೆ ಬ್ಯಾಕ್ಟೀರಿಯಾ ಇದನ್ನು ಬೇಗ ಎದುರಿಸಲು ಕಲಿಯುತ್ತದೆ. ಮಿಕ್ಕಿದ್ದನ್ನು ಮತ್ತೆ ಮತ್ತೆ ತೆಗೆದು ಹಚ್ಚುವ ಔಷಧ ಇದಲ್ಲ.

ಈಗ ಆ ‘ಎಲ್ಲದಕ್ಕೂ ಆಗುವ’ ಟ್ಯೂಬು. ನಮ್ಮಲ್ಲಿ ಆಂಟಿಬಯೋಟಿಕ್, ಫಂಗಸ್ ಔಷಧ ಮತ್ತು ಸ್ಟಿರಾಯ್ಡ್ ಮೂರನ್ನೂ ಬೆರೆಸಿದ ಕ್ರೀಮುಗಳು ಧಾರಾಳವಾಗಿ ಮಾರಾಟವಾಗುತ್ತವೆ. ಟ್ಯೂಬಿನ ಹಿಂದಿನ ಸಣ್ಣ ಅಕ್ಷರ ಓದಿ: ಬೆಟಾಮೆಥಾಸೋನ್, ಬೆಕ್ಲೊಮೆಥಾಸೋನ್, ಮೊಮೆಟಾಸೋನ್, ಕ್ಲೋಬೆಟಾಸೋಲ್, ಫ್ಲುಸಿನೊಲೋನ್ ಇವುಗಳಲ್ಲಿ ಯಾವುದಿದ್ದರೂ ಅದು ಸ್ಟಿರಾಯ್ಡ್. ಬ್ರ್ಯಾಂಡಿನ ಹೆಸರು ಹಾಗೇ ಇದ್ದು ಕೊನೆಗೆ ಒಂದು ಅಕ್ಷರ ಸೇರಿದ್ದರೂ ಒಳಗಿನದು ಬದಲಾಗಿರುತ್ತದೆ. ಸ್ಟಿರಾಯ್ಡ್ ಕೆಂಪು, ತುರಿಕೆಗಳನ್ನು ಒಂದೇ ದಿನದಲ್ಲಿ ಇಳಿಸುತ್ತದೆ, ಜನ ಮೆಚ್ಚುವುದು ಅದಕ್ಕೇ. ಸೋಂಕಿನೊಡನೆ ಹೋರಾಡುವ ಶಕ್ತಿಯನ್ನೂ ಅದು ಇಳಿಸಿಬಿಡುತ್ತದೆ. ಹುಳುಕಡ್ಡಿಗೆ ಹಚ್ಚಿದರೆ ಅಂಚು ಮಾಸಿ, ಒಳಗೊಳಗೇ ಹರಡಿ, ಕೊನೆಗೆ ತಜ್ಞರಿಗೂ ಗುರುತು ಹಿಡಿಯುವುದು ಕಷ್ಟವಾಗುತ್ತದೆ. ತಿಂಗಳುಗಟ್ಟಲೆ ಹಚ್ಚಿದ ತೊಡೆಸಂದಿಯಲ್ಲಿ ಚರ್ಮ ತೆಳುವಾಗಿ ಬೀಳುವ ಸೀಳುಗೆರೆಗಳು ಮತ್ತೆ ಮಾಸುವುದಿಲ್ಲ. 2018ರಲ್ಲಿ ಕೇಂದ್ರ ಸರ್ಕಾರ ಚರ್ಮಕ್ಕೆ ಹಚ್ಚುವ 14 ಸ್ಟಿರಾಯ್ಡ್‌ಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು, ಅಂದರೆ ಚೀಟಿ ಇಲ್ಲದೆ ಮಾರುವಂತಿಲ್ಲ. ಚೀಟಿ ಕೇಳದೆ ಕೊಟ್ಟರೆ ನೀವೇ ಬೇಡವೆನ್ನಿ. ಗಾಯಕ್ಕಂತೂ ಇದು ಯಾವತ್ತೂ ಅಲ್ಲ.

ಸುಟ್ಟಗಾಯಕ್ಕೆ ಮೊದಲ ಔಷಧ 20 ನಿಮಿಷ ಹರಿಯುವ ತಣ್ಣೀರು, ಐಸ್ ಅಲ್ಲ. ಸಿಲ್ವರ್ ಸಲ್ಫಾಡಯಾಜಿನ್ ಕ್ರೀಮು ಸಣ್ಣ ಸುಟ್ಟಗಾಯಕ್ಕೆ ಅನಗತ್ಯ, ಸಲ್ಫಾ ಅಲರ್ಜಿ ಇರುವವರಿಗೆ ಮತ್ತು ಎರಡು ತಿಂಗಳೊಳಗಿನ ಕೂಸಿಗೆ ಕೂಡದು. ಕುರುವಿಗೆ ಯಾವ ಮುಲಾಮೂ ನಾಟದು, ಕೀವು ಇರುವುದು ಆಳದಲ್ಲಿ. ದಿನಕ್ಕೆ ಮೂರು ನಾಲ್ಕು ಸಲ 10–15 ನಿಮಿಷ ಬಿಸಿಬಟ್ಟೆಯ ಶಾಖ ಕೊಡಿ, ಹಿಸುಕಬೇಡಿ. ಮುಖದ ಮೇಲೆ ಎದ್ದಿದ್ದರೆ, ದೊಡ್ಡದಾಗುತ್ತಿದ್ದರೆ ತೋರಿಸಿ. ಕಾಲ್ಬೆರಳ ಸಂದಿಯ ಕೆಸರುಹುಣ್ಣು ಬಹುಪಾಲು ಫಂಗಸ್‌ನದು, ಈ ಯಾವ ಆಂಟಿಬಯೋಟಿಕ್ಕಿಗೂ ಬಗ್ಗುವುದಿಲ್ಲ.

ಎಷ್ಟು ಹಚ್ಚಬೇಕು? ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಅಷ್ಟು, ಬೆರಳುಗಳೂ ಸೇರಿ ಎರಡು ಅಂಗೈ ಅಗಲದ ಚರ್ಮಕ್ಕೆ ಸಾಕು. ಹಾಗಿರುವಾಗ ಎರಡು ರೂಪಾಯಿ ನಾಣ್ಯದಗಲದ ಗಾಯಕ್ಕೆ ತೊಗರಿಕಾಳಿನಷ್ಟು ಬೇಕಾದಷ್ಟಾಯಿತು. ಟ್ಯೂಬಿನ ಮೂತಿಯನ್ನು ಗಾಯಕ್ಕೆ ಮುಟ್ಟಿಸಬೇಡಿ, ತೊಳೆದ ಬೆರಳಿಗೆ ಅಥವಾ ಗಾಜ್‌ಗೆ ಹಿಂಡಿಕೊಳ್ಳಿ. ಚರ್ಮದ ಟ್ಯೂಬು ಕಣ್ಣಿಗೆ ಬೇಡ. ಕಣ್ಣಿನದು ಬೇರೆಯೇ ಬರುತ್ತದೆ, ಹೆಸರು ಒಂದೇ ಇದ್ದರೂ.

ನಾಯಿ, ಬೆಕ್ಕು, ಕೋತಿ ಕಚ್ಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ನೇರ ಆಸ್ಪತ್ರೆಗೆ ಹೋಗಿ, ರೇಬಿಸ್ ಲಸಿಕೆ ಆ ದಿನವೇ ಶುರುವಾಗಬೇಕು. ಮಣ್ಣು, ಸಗಣಿ ಹತ್ತಿದ ಗಾಯವಾಗಿ, ಟೆಟನಸ್ ಚುಚ್ಚುಮದ್ದು ಹಾಕಿಸಿ 5 ವರ್ಷ ದಾಟಿದ್ದರೆ ಮತ್ತೆ ಬೇಕು. ಶುಭ್ರವಾದ ಗಾಯಕ್ಕೆ ಆ ಗಡುವು 10 ವರ್ಷ. ಗಾಯದಿಂದ ಕೆಂಪು ಗೆರೆ ಮೇಲಕ್ಕೆ ಹೊರಟರೆ, ಕೆಂಪು ಗಂಟೆಗಂಟೆಗೂ ಅಗಲವಾದರೆ, ಚಳಿಜ್ವರ ಬಂದರೆ ಟ್ಯೂಬು ಬದಿಗಿಡಿ. ಕೆಂಪಿನ ಅಂಚಿಗೆ ಪೆನ್ನಿನಿಂದ ಗೆರೆ ಎಳೆದು ಸಮಯ ಬರೆದುಕೊಂಡು ಹೊರಟರೆ ಎಷ್ಟು ವೇಗವಾಗಿ ಹರಡಿದೆ ಎಂಬುದು ವೈದ್ಯರಿಗೆ ನೋಡಿದ ಕೂಡಲೇ ತಿಳಿಯುತ್ತದೆ. ಸಕ್ಕರೆ ಕಾಯಿಲೆ ಇರುವವರ ಪಾದದ ಗಾಯಕ್ಕೆ ಇಷ್ಟನ್ನೂ ಕಾಯುವಂತಿಲ್ಲ. ನೋವಿಲ್ಲದಿದ್ದರೂ, ಅಕ್ಕಿಕಾಳಿನಷ್ಟೇ ಇದ್ದರೂ, ಅಂದೇ ತೋರಿಸಿ.