ನಾರ್ವೆಯ ಹೊಸ ನೋಟುಗಳು: ಹಿಂಬದಿಗೆ ಪೂರ್ತಿ ಮಾರ್ಕು, ಮುಂಬದಿಗೆ ಅಲ್ಲ

ನಾರ್ವೆಯ ಐದೂ ನೋಟು ಈಗ ನನ್ನ ಮೇಜಿನ ಮೇಲಿವೆ. 50, 100, 200, 500, 1000 ಕ್ರೋನರ್. ಓಸ್ಲೋದಲ್ಲಿ ಕೆಲಸ ಮಾಡುವ ಗೆಳೆಯ ಬರುವಾಗ ತಂದುಕೊಟ್ಟ. ಇವನ್ನು ಕೈಯಲ್ಲಿ ಹಿಡಿದು ನೋಡಬೇಕು ಅಂತ ತುಂಬಾ ವರ್ಷದಿಂದ ಆಸೆ ಇತ್ತು. 2014ರಲ್ಲಿ ಈ ವಿನ್ಯಾಸಗಳು ಹೊರಬಿದ್ದಾಗ ಫೋಟೋ ನೋಡಿಯೇ ನಾನು ಬೆರಗಾಗಿದ್ದೆ, ನೋಟು ಹೀಗೂ ಇರಬಹುದಾ ಅಂತ. ಒಂದು ವಾರ ಮಡಚಿ, ಜೇಬಿನಲ್ಲಿಟ್ಟು, ದೀಪದ ಕೆಳಗೆ ಭೂತಗನ್ನಡಿ ಹಿಡಿದು ನೋಡಿ ಆದಮೇಲೆ ಬರೆಯುತ್ತಿದ್ದೇನೆ.

ಮೊದಲು ಹಿಂಬದಿ. ಎಲ್ಲರೂ ಮಾತಾಡಿದ್ದು ಅದರ ಬಗ್ಗೆಯೇ.

ಇದನ್ನು ಮಾಡಿದ್ದು ಸ್ನೋಹೆಟ್ಟಾ. ಓಸ್ಲೋದ ಒಪೆರಾ ಹೌಸ್ ಕಟ್ಟಡವನ್ನು ವಿನ್ಯಾಸ ಮಾಡಿದವರು ಇವರೇ. ನೋಟಿನ ಹಿಂದೆ ಇರುವುದು ಬಣ್ಣದ ಚೌಕಗಳು, ಅಷ್ಟೇ. ಫೋನಿನಲ್ಲಿ ಫೋಟೋ ತೀರಾ ದೊಡ್ಡದು ಮಾಡಿದರೆ ಒಡೆದು ಚೌಕ ಚೌಕ ಕಾಣುತ್ತದಲ್ಲ, ಹಾಗೆ. ಕಣ್ಣಿನ ಹತ್ತಿರ ತಂದರೆ ಬರೀ ಬಣ್ಣದ ತುಂಡುಗಳು. ಕೈ ಚಾಚಿ ದೂರ ಹಿಡಿದರೆ ನಿಧಾನಕ್ಕೆ ಒಂದು ಕಡಲತೀರ ಮೂಡುತ್ತದೆ. ನೆಲ ಎಲ್ಲಿ ಮುಗಿಯಿತು, ನೀರು ಎಲ್ಲಿ ಶುರುವಾಯಿತು ಅಂತ ಗೆರೆ ಎಳೆದು ತೋರಿಸಿಲ್ಲ. ನೆಲ ಮತ್ತು ಸಮುದ್ರ ಸೇರುವ ಆ ಗಡಿಯ ಚೆಲುವೇ ಅವರ ವಿನ್ಯಾಸದ ವಿಷಯ.

ನನಗೆ ತುಂಬಾ ಹಿಡಿಸಿದ್ದು ಗಾಳಿ. 50ರ ನೋಟಿನಲ್ಲಿ ಚೌಕಗಳು ಗಿಡ್ಡ, ಹೆಚ್ಚುಕಮ್ಮಿ ಸರಿ ಚೌಕ. ಗಾಳಿ ಮೆಲ್ಲಗೆ ಬೀಸುತ್ತಿದೆ ಅಂತ ಅರ್ಥ. ನೋಟಿನ ಬೆಲೆ ಏರುತ್ತಾ ಹೋದಂತೆ ಗಾಳಿಯೂ ಜೋರಾಗುತ್ತದೆ, ಚೌಕಗಳು ಅಡ್ಡಕ್ಕೆ ಎಳೆದುಕೊಂಡು ಉದ್ದ ಆಗುತ್ತವೆ, ಅಲೆಗಳು ಹತ್ತಿರ ಹತ್ತಿರ ಬರುತ್ತವೆ, 1000ಕ್ಕೆ ಬರುವ ಹೊತ್ತಿಗೆ ಬಿರುಗಾಳಿಗೆ ಸಿಕ್ಕಿ ಎಲ್ಲ ಒಂದೇ ದಿಕ್ಕಿಗೆ ಓಡುತ್ತಿರುವ ಹಾಗೆ ಕಾಣುತ್ತದೆ. ಐದನ್ನೂ ಒಂದರ ಕೆಳಗೆ ಒಂದು ಜೋಡಿಸಿಟ್ಟು ನೋಡಿ. ಅಂಕಿ ಓದದೆಯೇ ಯಾವುದು ಜಾಸ್ತಿ ಬೆಲೆಯದು ಅಂತ ಗೊತ್ತಾಗುತ್ತದೆ. ಸುಮ್ನೆ ಅಲಂಕಾರಕ್ಕೆ ಹಾಕಿದ ಚಿತ್ರ ಆಗಿದ್ದರೆ ಇದು ಸಾಧ್ಯವಿರಲಿಲ್ಲ. ಹೊಸ ನಮೂನೆ ಅಂದರೆ ನನ್ನ ಪ್ರಕಾರ ಇದು: ಚಿತ್ರವೇ ಕೆಲಸ ಮಾಡಬೇಕು.

ಈಗ ಮುಂಬದಿ. ಇದರ ವಿನ್ಯಾಸ ದ ಮೆಟ್ರಿಕ್ ಸಿಸ್ಟಮ್ ಅನ್ನುವ ಬೇರೆಯೇ ಸಂಸ್ಥೆಯದು. ನಾರ್ವೆಯ ಕೇಂದ್ರ ಬ್ಯಾಂಕ್, ಅಂದರೆ ನೋರ್ಗೆಸ್ ಬ್ಯಾಂಕ್, ಸ್ಪರ್ಧೆ ನಡೆಸಿ ಒಬ್ಬರ ಮುಂಬದಿ, ಇನ್ನೊಬ್ಬರ ಹಿಂಬದಿ ತೆಗೆದುಕೊಂಡು ಜೋಡಿಸಿತು. ವಿಷಯ ಎಲ್ಲಕ್ಕೂ ಒಂದೇ, ಸಮುದ್ರ. 50ರಲ್ಲಿ ಊಟ್ವೇರ್ ದೀಪಸ್ತಂಭ, ದೇಶದ ಪಶ್ಚಿಮ ತುದಿಯಲ್ಲಿರುವುದು. 100ರಲ್ಲಿ ಗೋಕ್‌ಸ್ಟಾಡ್ ಹಡಗು, 9ನೇ ಶತಮಾನದ ಕೊನೆಯ ಭಾಗದಲ್ಲಿ ಕಟ್ಟಿದ ವೈಕಿಂಗ್ ಹಡಗು, 1880ರಲ್ಲಿ ಒಂದು ಸಮಾಧಿ ದಿಬ್ಬವನ್ನು ಅಗೆದಾಗ ಸಿಕ್ಕಿದ್ದು. 200ರಲ್ಲಿ ಕಾಡ್ ಮೀನು. 500ರಲ್ಲಿ ಸಮುದ್ರದಲ್ಲಿ ಸಿಕ್ಕಿಬಿದ್ದವರನ್ನು ಕಾಪಾಡುತ್ತಿದ್ದ ಹಾಯಿದೋಣಿ, ಕಾಲಿನ್ ಆರ್ಚರ್ ವಿನ್ಯಾಸ ಮಾಡಿದ್ದು. 1000ದಲ್ಲಿ ಒಂದು ಅಲೆ.

ಮೀನು ನಿಜಕ್ಕೂ ಚೆನ್ನಾಗಿದೆ. ಒಂದು ದೇಶ ತನ್ನ ನೋಟಿನ ಮೇಲೆ ರಾಜನನ್ನೂ ಕವಿಯನ್ನೂ ಬಿಟ್ಟು ಮೀನನ್ನು ಕೂರಿಸುವುದಕ್ಕೆ ಧೈರ್ಯ ಬೇಕು. ಎಷ್ಟೋ ತಲೆಮಾರು ಅನ್ನ ಕೊಟ್ಟ ಮೀನು ಅದು, ಆ ಗೌರವ ಅದಕ್ಕೆ ಸಲ್ಲಬೇಕಾದ್ದೇ. ಆದರೆ ಮುಂಬದಿಯನ್ನು ಒಟ್ಟಾಗಿ ನೋಡಿದರೆ ಹಿಂಬದಿಯ ಧೈರ್ಯ ಇಲ್ಲಿ ಕಾಣುವುದಿಲ್ಲ. ಅಚ್ಚುಕಟ್ಟಾಗಿದೆ, ಬಿಳಿ ಜಾಗ ಬೇಕಾದಷ್ಟಿದೆ, ಅಕ್ಷರ ಸ್ಪಷ್ಟವಾಗಿದೆ. ಆದರೂ ಒಂದು ಕಡೆ ತಿರುಗಿಸಿದರೆ ಹಳೇ ಕಾಲದ ಅಂಚೆಚೀಟಿ, ಇನ್ನೊಂದು ಕಡೆ ತಿರುಗಿಸಿದರೆ ಈಗಿನ ಕಾಲದ ಚಿತ್ರಕಲೆ, ಎರಡನ್ನೂ ಅಂಟಿಸಿದ ಹಾಗಿದೆ. ಇಬ್ಬರಲ್ಲಿ ಯಾರಾದರೂ ಒಬ್ಬರಿಗೇ ಎರಡೂ ಬದಿ ಕೊಟ್ಟಿದ್ದರೆ ಚೆನ್ನಾಗಿತ್ತು ಅಂತ ಪ್ರತಿ ಸಲ ತಿರುಗಿಸಿದಾಗಲೂ ಅನಿಸುತ್ತದೆ.

ಮುಖಗಳ ಬಗ್ಗೆ ಹೇಳಲೇಬೇಕು. 1994ರಿಂದ 2001ರವರೆಗೆ ಬಂದ ಹಿಂದಿನ ಸರಣಿಯಲ್ಲಿ ಪ್ರತಿ ನೋಟಿನಲ್ಲೂ ಒಬ್ಬರು ಇದ್ದರು. 100ರಲ್ಲಿ ಒಪೆರಾ ಗಾಯಕಿ ಕಿರ್ಸ್ಟನ್ ಫ್ಲಾಗ್‌ಸ್ಟಾಡ್, 200ರಲ್ಲಿ ಉತ್ತರದ ಆಕಾಶದ ಬೆಳಕಿನ ಗುಟ್ಟು ಹುಡುಕಿದ ವಿಜ್ಞಾನಿ ಕ್ರಿಸ್ಟಿಯನ್ ಬಿರ್ಕೆಲ್ಯಾಂಡ್, 1000ದಲ್ಲಿ ಚಿತ್ರಕಾರ ಎಡ್ವರ್ಡ್ ಮುಂಕ್. ಹೊಸದರಲ್ಲಿ ಮುಂಬದಿಯಲ್ಲಿ ಅಂಥ ಒಂದು ಮುಖವೂ ಇಲ್ಲ. ನೋಟಿನ ಮೇಲೆ ಮುಖ ಹಾಕುವುದು ಬರೀ ಗೌರವಕ್ಕಲ್ಲ. ಮನುಷ್ಯನ ಕಣ್ಣು ಮುಖ ಗುರುತಿಸುವುದರಲ್ಲಿ ತುಂಬಾ ಚುರುಕು. ದಿನಾ ನೋಡುವ ಮುಖದಲ್ಲಿ ಕಣ್ಣಿನ ಗೆರೆಯೋ ತುಟಿಯ ಅಂಚೋ ಚೂರು ಆಚೀಚೆ ಆದರೂ ಏನೋ ಸರಿಯಿಲ್ಲ ಅನಿಸಿಬಿಡುತ್ತದೆ, ಖೋಟಾ ನೋಟು ಹಿಡಿಯಲು ಅದೂ ಒಂದು ದಾರಿ. ಅಲೆಯಲ್ಲಿ ಒಂದು ಗೆರೆ ತಪ್ಪಿದರೆ ಯಾರಿಗೆ ಗೊತ್ತಾಗುತ್ತದೆ ಹೇಳಿ? ಅದಕ್ಕೇ ಎಲ್ಲಕ್ಕಿಂತ ಜಾಸ್ತಿ ಬೆಲೆಯ ನೋಟಿಗೆ ಬರೀ ಅಲೆ ಇಟ್ಟಿದ್ದು ನನಗೆ ಒಪ್ಪಿಗೆಯಿಲ್ಲ. ನೀರಿನಲ್ಲಿ ಕಣ್ಣಿಗೆ ಒಂದು ನೆಲೆ ಸಿಗುವುದಿಲ್ಲ. ವಾಟರ್‌ಮಾರ್ಕ್, ಭದ್ರತಾ ದಾರ, ಓರೆ ಮಾಡಿದರೆ ಬದಲಾಗುವ ಗುರುತು ಎಲ್ಲ ಇವೆ, ಅವು ಗಟ್ಟಿ ಕೆಲಸವೇ. ಆದರೆ ಅಂಗಡಿಯಲ್ಲಿ ಅವಸರದಲ್ಲಿರುವವರು ಪ್ರತಿ ನೋಟನ್ನೂ ಬೆಳಕಿಗೆ ಹಿಡಿದು ನೋಡುತ್ತಾರಾ?

ಸ್ವಿಟ್ಜರ್ಲೆಂಡ್ ಇದನ್ನು ಬೇರೆ ಥರ ಬಗೆಹರಿಸಿತು. 2016ರಿಂದ 2019ರ ನಡುವೆ ಬಂದ ಅವರ ನೋಟುಗಳಲ್ಲೂ ವ್ಯಕ್ತಿಗಳ ಮುಖ ಹೋಯಿತು, ಆದರೆ ಅದರ ಜಾಗಕ್ಕೆ ಕೈ ಬಂತು. ಪ್ರತಿ ನೋಟಿನಲ್ಲೂ ಮನುಷ್ಯನ ಕೈ, ಜೊತೆಗೆ ಒಂದು ಭೂಗೋಳ. ಯಾರ ಕೈ ಅಂತ ಇಲ್ಲ, ಎಲ್ಲರದ್ದೂ. ನೋಡಿದ ಕೂಡಲೇ ಮನುಷ್ಯರ ಹಣ ಅನಿಸುತ್ತದೆ. ನಾರ್ವೆಯ ನೋಟಿನಲ್ಲಿ ನನಗೆ ಕೊರತೆ ಅನಿಸಿದ್ದು ಅದೊಂದೇ. ದೋಣಿ ಇದೆ, ದೀಪ ಇದೆ, ದೋಣಿ ನಡೆಸಿದವರು, ದೀಪ ಹಚ್ಚಿದವರು ಕಾಣುವುದಿಲ್ಲ.

ಅಳತೆಗೆ ಬರೋಣ. ಐದಕ್ಕೂ ಎತ್ತರ ಒಂದೇ, 70 ಮಿಲಿಮೀಟರ್. ಉದ್ದ ಮಾತ್ರ 126ರಿಂದ ಶುರುವಾಗಿ ಒಂದೊಂದಕ್ಕೂ 7 ಮಿಲಿಮೀಟರ್ ಏರಿ 154ಕ್ಕೆ ಮುಗಿಯುತ್ತದೆ. ಕಣ್ಣು ಕಾಣದವರಿಗೆ ಇದು ಮುಖ್ಯ. ನಾನೂ ಕಣ್ಣು ಮುಚ್ಚಿಕೊಂಡು ಜೋಡಿಸಿ ನೋಡಿದೆ. ಎರಡು ನೋಟು ಒಟ್ಟಿಗೆ ಕೈಯಲ್ಲಿದ್ದರೆ ತುದಿ ಸವರಿ ಸುಲಭವಾಗಿ ಹೇಳಬಹುದು. ಒಂದೇ ನೋಟು ಕೊಟ್ಟು ಯಾವುದು ಅಂತ ಕೇಳಿದರೆ ಕಷ್ಟ, 100 ಮತ್ತು 200 ಎರಡು ಸಲ ಅದಲುಬದಲಾದವು. ದಿನಾ ಬಳಸುವವರ ಬೆರಳಿಗೆ ಅಭ್ಯಾಸ ಆಗಿರುತ್ತದೆ, ಅದು ಬೇರೆ ಮಾತು.

ಬಣ್ಣಗಳು ಚೆನ್ನಾಗಿ ಬೇರೆ ಬೇರೆ ಇವೆ. ಹಸಿರು, ಕೆಂಪು, ನೀಲಿ, ಕಿತ್ತಳೆ, ನೇರಳೆ. ಕಾಗದ ಹತ್ತಿಯದು, ಮಡಚಿದರೂ ಗರಿಗರಿ ಹೋಗುವುದಿಲ್ಲ. ಗೆಳೆಯ ತಂದ 100 ಮಾತ್ರ ಚೆನ್ನಾಗಿ ಓಡಾಡಿದ ನೋಟು, ಅದರ ಹಿಂಬದಿಯ ತಿಳಿ ಬಣ್ಣದ ಚೌಕಗಳ ಮೇಲೆ ಮಡಿಕೆಯ ಕೊಳೆ ಎದ್ದು ಕಾಣುತ್ತದೆ.

ಇನ್ನೊಂದು ಮೆಚ್ಚಬೇಕು. ಅವಸರ ಮಾಡಲಿಲ್ಲ. 2014ರಲ್ಲಿ ಆಯ್ಕೆ ಆದ ವಿನ್ಯಾಸದ ಮೊದಲ ನೋಟುಗಳು, 100 ಮತ್ತು 200, ಬಂದಿದ್ದು 2017ರ ಮೇ ತಿಂಗಳಲ್ಲಿ. ಮಾರನೇ ವರ್ಷ 50 ಮತ್ತು 500. 1000 ಬಂದಿದ್ದು 2019ರ ನವೆಂಬರ್‌ನಲ್ಲಿ. ಪ್ರತಿ ಸಲವೂ ಹಳೇ ನೋಟನ್ನು ಅಂಗಡಿಯಲ್ಲಿ ಖರ್ಚು ಮಾಡಲು ಒಂದು ವರ್ಷ ಸಮಯ, ಅದಾದ ಮೇಲೂ ಕೇಂದ್ರ ಬ್ಯಾಂಕ್ 10 ವರ್ಷ ಬದಲಾಯಿಸಿ ಕೊಡುತ್ತದೆ. ಹಳೇ ಕೋಟಿನ ಜೇಬಿನಲ್ಲಿ ಮರೆತ ನೋಟು ಒಂದೇ ದಿನಕ್ಕೆ ರದ್ದಿಯಾಗಬಾರದು. ನೋಟಿನ ವಿನ್ಯಾಸ ಎಷ್ಟು ಚೆಂದ ಇದ್ದರೂ ಬದಲಾವಣೆ ಜನರನ್ನು ಹೆದರಿಸಿದರೆ ಏನು ಬಂತು?

ನಾರ್ವೆಯಲ್ಲಿ ಈಗ ನಗದು ಕೊಡುವವರೇ ಕಡಿಮೆ, ಎಲ್ಲ ಕಾರ್ಡು, ಫೋನು. ಇನ್ನು ನೋಟಿಗೆ ಇಷ್ಟು ಕಷ್ಟ ಯಾಕೆ ಅಂತ ಗೆಳೆಯನೇ ಕೇಳಿದ. ಕರೆಂಟು ಹೋದಾಗ, ನೆಟ್‌ವರ್ಕ್ ಇಲ್ಲದಾಗ ನಡೆಯುವುದು ಇದೇ ಅಲ್ವಾ ಅಂದೆ. ಅಪರೂಪಕ್ಕೆ ಕೈಗೆ ಬರುವ ನೋಟಾದರೆ ಬಂದಾಗ ತಕ್ಷಣ ಗುರುತು ಸಿಗುವ ಹಾಗೆ ಇರಬೇಕು, ಅದಕ್ಕೆ ಇನ್ನೂ ಜಾಸ್ತಿ ಕಷ್ಟಪಡಬೇಕು.

ನಾಲ್ಕು ನೋಟು ಆಲ್ಬಮ್ ಸೇರಿವೆ. 50ನ್ನು ಮೇಜಿನ ದೀಪಕ್ಕೆ ಒರಗಿಸಿ ಇಟ್ಟುಕೊಂಡಿದ್ದೇನೆ, ಹಿಂಬದಿ ನನ್ನ ಕಡೆಗೆ. ಬಾಗಿಲ ಹತ್ತಿರ ನಿಂತು ನೋಡಿದರೆ ಚೌಕಗಳು ಮಾಯವಾಗಿ ತೀರ ಮಾತ್ರ ಕಾಣುತ್ತದೆ.