ಇಂಗ್ಲಿಷ್ ಧಾರಾವಾಹಿಯ ಮಾತು ತಿಳಿಯಲು ಬಿಬಿಸಿಯ ಮೂರು ನಿಮಿಷದ ಪಾಠ

ಬೈಲಹೊಂಗಲ, ಸವದತ್ತಿ, ಗೋಕಾಕಗಳಿಂದ ಬೆಳಗಾವಿಯ ಕಾಲೇಜುಗಳಿಗೆ ಬರುವ ಕನ್ನಡ ಮಾಧ್ಯಮದ ವಿದ್ಯಾರ್ಥಿಗಳಲ್ಲಿ ಅನೇಕರು ಇಂಗ್ಲಿಷ್ ಪಠ್ಯವನ್ನು ಓದಿ ಅರ್ಥ ಮಾಡಿಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಒಳ್ಳೆಯ ಅಂಕವನ್ನೂ ಗಳಿಸುತ್ತಾರೆ. ಆದರೆ ಇಂಗ್ಲಿಷ್ ಧಾರಾವಾಹಿ ನೋಡಲು ಕುಳಿತಾಗ, ಬಿಡಿಬಿಡಿಯಾಗಿ ಪ್ರತಿ ಪದ ಗೊತ್ತಿದ್ದರೂ ಇಡೀ ಮಾತಿನ ಅರ್ಥ ಮಾತ್ರ ಹಿಡಿತಕ್ಕೆ ಸಿಗುವುದಿಲ್ಲ. ಅಂಥವರಿಗೆ ನಾನು ಮೊದಲು ಸೂಚಿಸುವುದು ಬಿಬಿಸಿ ಲರ್ನಿಂಗ್ ಇಂಗ್ಲಿಷ್‌ನ ‘ದಿ ಇಂಗ್ಲಿಷ್ ವಿ ಸ್ಪೀಕ್’ ಎಂಬ ಕಾರ್ಯಕ್ರಮವನ್ನು. 1943ರಿಂದ ಇಂಗ್ಲಿಷ್ ಕಲಿಸುತ್ತ ಬಂದಿರುವ ಬಿಬಿಸಿ ಇದಕ್ಕೆ ಶುಲ್ಕ ಪಡೆಯುವುದಿಲ್ಲ. ಸಂಭಾಷಣೆಯ ಬರಹರೂಪವೂ ಜಾಲತಾಣದಲ್ಲಿ ಸಿಗುತ್ತದೆ.

ಕಂತು ಸುಮಾರು ಮೂರು ನಿಮಿಷದ್ದು, ಅದರಲ್ಲಿ ಹೇಳಿಕೊಡುವುದು ಒಂದೇ ನುಡಿಗಟ್ಟು. ಇಬ್ಬರು ನಿರೂಪಕರು ಯಾವುದೋ ಸಣ್ಣ ಸಂದರ್ಭ ಹಿಡಿದು ಮಾತಿಗೆ ತೊಡಗುತ್ತಾರೆ. ಒಬ್ಬರು ನುಡಿಗಟ್ಟನ್ನು ಆಡಿದರೆ, ಎಷ್ಟೋ ಕಂತುಗಳಲ್ಲಿ ಇನ್ನೊಬ್ಬರು ಅದನ್ನು ಅಕ್ಷರಶಃ ಗ್ರಹಿಸಿ ತಬ್ಬಿಬ್ಬಾಗುತ್ತಾರೆ. ಅರ್ಥ ಬಿಡಿಸಿದ ಬಳಿಕ ಬೇರೆ ದನಿಗಳಲ್ಲಿ ಉದಾಹರಣೆಯ ವಾಕ್ಯಗಳು ಕೇಳಿಬರುತ್ತವೆ. ಕಾರ್ಯಕ್ರಮದ ನಿಜವಾದ ಬೆಲೆ ಇರುವುದು ಈ ವಾಕ್ಯಗಳಲ್ಲಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಏಕೆಂದರೆ ಮಾತನ್ನು ಯಾರು, ಯಾರಿಗೆ, ಎಂಥ ಧಾಟಿಯಲ್ಲಿ ಆಡುತ್ತಾರೆ ಎಂಬುದು ಅಲ್ಲಿ ಕಿವಿಗೇ ತಿಳಿಯುತ್ತದೆ. ‘ಅವನು ನನಗೆ ಟೋಪಿ ಹಾಕಿದ’ ಎಂದು ಗೆಳೆಯರ ಮುಂದೆ ಹೇಳುವವನು ದೂರಿನ ಅರ್ಜಿಯಲ್ಲಿ ಹಾಗೆ ಬರೆಯುವುದಿಲ್ಲ. ಇಂಗ್ಲಿಷಿನಲ್ಲಿಯೂ ಆ ವಿವೇಚನೆ ಬೇಕು, ಅದನ್ನು ಪದಪಟ್ಟಿ ಉರುಹೊಡೆದು ಪಡೆಯಲಾಗದು.

ಆದರೆ ಇದೊಂದರಿಂದಲೇ ಅಮೆರಿಕದ ಧಾರಾವಾಹಿಗಳು ತಿಳಿದಾವು ಎಂದು ನಂಬಬಾರದು. ಕಾರ್ಯಕ್ರಮದ ಬೇರು ಬ್ರಿಟಿಷ್ ಬಳಕೆಯಲ್ಲಿದೆ. ಬ್ರಿಟಿಷರ ‘ಸ್ಟಿಕಿ ವಿಕೆಟ್’ (ಇಕ್ಕಟ್ಟಿನ ಸ್ಥಿತಿ), ‘ಆನ್ ದ ಬ್ಯಾಕ್ ಫುಟ್’ (ರಕ್ಷಣೆಗೆ ಇಳಿಯಬೇಕಾದ ಸ್ಥಿತಿ) ಎಂಬ ಮಾತುಗಳು ಕ್ರಿಕೆಟ್ ಬಲ್ಲ ನಮ್ಮ ಹುಡುಗರಿಗೆ ಬೇಗ ಹೊಳೆಯುತ್ತವೆ. ಅಮೆರಿಕನ್ನರ ಅನೇಕ ಮಾತುಗಳು ನಾವು ಆಡದ ಬೇಸ್‌ಬಾಲಿನಿಂದ ಬಂದಿವೆ. ಆಹ್ವಾನಕ್ಕೆ ‘ಇನ್ನೊಮ್ಮೆ ಬರುತ್ತೇನೆ’ ಎನ್ನಲು ಬಳಸುವ ‘ರೇನ್ ಚೆಕ್’, ಮಳೆಯಿಂದ ಪಂದ್ಯ ನಿಂತಾಗ ಮತ್ತೊಂದು ದಿನ ಬರಲು ಪ್ರೇಕ್ಷಕರಿಗೆ ಕೊಡುತ್ತಿದ್ದ ಚೀಟಿ. ಹಾಗೆಯೇ ಗುಟ್ಟು ಕೇಳಿದ ಗೆಳತಿಗೆ ಪಾತ್ರವೊಂದು ‘ಐ ಪ್ಲೀಡ್ ದ ಫಿಫ್ತ್’ ಎಂದರೆ, ಅದು 1791ರಲ್ಲಿ ಅಮೆರಿಕದ ಸಂವಿಧಾನಕ್ಕೆ ಸೇರಿದ ಐದನೆಯ ತಿದ್ದುಪಡಿಯ ಮಾತು: ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಬೇಕಾಗಿಲ್ಲ ಎಂಬ ಹಕ್ಕು. ನಮ್ಮ ಸಂವಿಧಾನದ 20(3)ನೆಯ ವಿಧಿಯೂ ಆರೋಪಿಗೆ ಇಂಥದೇ ರಕ್ಷಣೆ ನೀಡುತ್ತದೆ. ಆದ್ದರಿಂದ ಕಾನೂನು ವಿದ್ಯಾರ್ಥಿಗೆ ಇದನ್ನು ತಿಳಿಸುವುದು ಕಷ್ಟವಲ್ಲ, ಉಳಿದವರಿಗೆ ಯಾರಾದರೂ ಹಿನ್ನೆಲೆ ಹೇಳಲೇಬೇಕು.

ಇನ್ನೊಂದು ಕೊರತೆ ವೇಗದ್ದು. ನಿರೂಪಕರ ಉಚ್ಚಾರಣೆ ಸ್ಪಷ್ಟವಾಗಿದೆ, ಧಾರಾವಾಹಿಯ ಪಾತ್ರಗಳೋ ಪದಗಳನ್ನು ನುಂಗಿ ಮಾತಾಡುತ್ತವೆ. ‘ಗೋಯಿಂಗ್ ಟು’ ಅಲ್ಲಿ ‘ಗೊನ’ ಆಗಿರುತ್ತದೆ. ಹೀಗಾಗಿ ಊರಿಗೆ ಹೋಗುವ ಬಸ್ಸಿನಲ್ಲಿ ಒಂದೆರಡು ಕಂತು ಕೇಳಿ, ಮನೆಯಲ್ಲಿ ಇಂಗ್ಲಿಷ್ ಅಡಿಬರಹದೊಂದಿಗೆ ಧಾರಾವಾಹಿ ನೋಡುವುದು ಒಳ್ಳೆಯದು. ಓದಲು ಅನುಕೂಲವಾಗಲೆಂದು ಅಡಿಬರಹದಲ್ಲಿ ಕೆಲವೊಮ್ಮೆ ಮಾತನ್ನು ಮೊಟಕುಗೊಳಿಸಿರುತ್ತಾರೆ. ಆದಕಾರಣ ಅದೇ ದೃಶ್ಯವನ್ನು ಅಡಿಬರಹವಿಲ್ಲದೆ ಮತ್ತೊಮ್ಮೆ ಕೇಳಬೇಕು.