ಹಳೇ ಬಿಎಂಡಬ್ಲ್ಯೂ ಇ90 ಜೊತೆ ಏಳು ವರ್ಷ: ಕಿಲೋಮೀಟರ್ ನೋಡ್ಬೇಡಿ, ಗಂಟೆ ನೋಡಿ

ಗಾಡಿ ಬಿಎಂಡಬ್ಲ್ಯೂ 325ಐ, ಇ90 ಬಾಡಿ, 2009ರ ಮಾಡೆಲ್, ಪೆಟ್ರೋಲ್ ಆಟೋಮ್ಯಾಟಿಕ್. ಚೆನ್ನೈ ಪಕ್ಕದ ಫ್ಯಾಕ್ಟರಿಲಿ ಜೋಡಿಸಿದ್ದು. 2018ರಲ್ಲಿ 61,000 ಕಿಮೀ ಓಡಿದ್ದಾಗ ತಗೊಂಡೆ, 2025ಕ್ಕೆ 1,18,000 ದಾಟಿದೆ. ಬನಶಂಕರಿಯಿಂದ ಮಾರತಹಳ್ಳಿ ಆಫೀಸಿಗೆ ವಾರಕ್ಕೆ ಮೂರು ದಿನ, ವರ್ಷಕ್ಕೆ ಒಂದೆರಡು ಸಲ ಚೆನ್ನೈ ಹತ್ರದ ಇರುಂಗಾಟುಕೊಟ್ಟೈ ರೇಸ್ ಟ್ರ್ಯಾಕಿಗೆ, ಮಿಕ್ಕಿದ್ದು ಊರು, ಮದುವೆ, ಮುಂಜಿ. ತಗೊಳ್ಳೋಕೆ ಮುಂಚೆ ಎಲ್ರೂ ಹೇಳಿದ್ದು ಒಂದೇ, "ಆನೆ ಸಾಕ್ತಿದೀಯ, ಹುಷಾರು". ಆನೆ ಅನ್ನೋದು ನಿಜಾನೇ, ಆದ್ರೆ ಆನೆ ಯಾಕೆ ಅಷ್ಟು ತಿನ್ನುತ್ತೆ ಅಂತ ನಂಗೆ ಅರ್ಥ ಆಗಿದ್ದು ಮೂರು ವರ್ಷ ಆದ್ಮೇಲೆ.

ಈ ಗಾಡಿಲಿ ಇರೋದು ಎನ್52 ಇಂಜಿನ್, ಎರಡೂವರೆ ಲೀಟರ್, ಸಾಲಾಗಿ ಆರು ಸಿಲಿಂಡರ್, ಟರ್ಬೋ ಇಲ್ಲ, 218 ಎಚ್‌ಪಿ. ಬ್ಲಾಕ್ ಒಳಗಡೆ ಅಲ್ಯೂಮಿನಿಯಂ, ಹೊರಗಡೆ ಮೆಗ್ನೀಸಿಯಂ. 4,000 ಆರ್‌ಪಿಎಂ ದಾಟಿದ ಮೇಲೆ ಅದು ಹಾಡೋ ರೀತಿ ಇದ್ಯಲ್ಲ, ಅದರ ಬಗ್ಗೆ ಬರೀತಾ ಕೂತ್ರೆ ವಿಮರ್ಶೆ ಹೋಗಿ ಪ್ರೇಮಪತ್ರ ಆಗುತ್ತೆ, ಬಿಡಿ. ಸ್ಟೀರಿಂಗ್ ಹೈಡ್ರಾಲಿಕ್, ತೂಕ ಇದೆ, ಚಕ್ರದ ಕೆಳಗೆ ಏನಿದೆ ಅಂತ ಕೈಗೆ ಹೇಳುತ್ತೆ, ಈಗಿನ ಗಾಡಿಗಳಲ್ಲಿ ಇದು ಸಿಗಲ್ಲ.

ಮೊದಲ ಪೆಟ್ಟು ಬಿದ್ದಿದ್ದು ಅಗರ ಜಂಕ್ಷನ್ ಹತ್ರ. ಮಳೆ, ಸಂಜೆ ಏಳು ಗಂಟೆ, ಮುಕ್ಕಾಲು ಗಂಟೇಲಿ ಎರಡು ಕಿಲೋಮೀಟರ್ ತೆವಳಿದ್ದೆ. ಇದ್ದಕ್ಕಿದ್ದಂಗೆ ಮುಂದಿನ ಫ್ಯಾನ್ ವಿಮಾನ ಹೊರಟಂಗೆ ಕೂಗೋಕೆ ಶುರು ಮಾಡ್ತು, ಹಳದಿ ಲೈಟ್ ಬಂತು, ಎಡಕ್ಕೆ ಹಾಕೋಷ್ಟರಲ್ಲಿ ಕೆಂಪಾಯ್ತು. ಹಿಂದಿನ ಬಸ್ಸಿನೋನು ಹಾರ್ನ್ ಮೇಲೆ ಹಾರ್ನ್. ಈ ಗಾಡಿಲಿ ಕೂಲೆಂಟ್ (ಇಂಜಿನ್ ತಣಿಸೋ ದ್ರವ) ಟೆಂಪರೇಚರ್ ತೋರಿಸೋ ಮುಳ್ಳೇ ಇಲ್ಲ ಅಂತ ಅವತ್ತೇ ಗಮನಿಸಿದ್ದು! ಆ ಜಾಗದಲ್ಲಿ ಮೈಲೇಜ್ ತೋರಿಸೋ ಮುಳ್ಳಿದೆ, ಸಿಟಿಲಿ ಅದನ್ನ ನೋಡಿದ್ರೆ ಇನ್ನೊಂದು ಥರ ಮೈ ಬಿಸಿಯಾಗುತ್ತೆ.

ಹೋಗಿದ್ದು ಆ ಕೂಲೆಂಟ್ ಸುತ್ತಿಸೋ ವಾಟರ್ ಪಂಪ್. ಎನ್52ರಲ್ಲಿ ಅದು ಬೆಲ್ಟಲ್ಲಿ ತಿರುಗಲ್ಲ, ಕರೆಂಟ್ ಪಂಪ್. ಮಾಮೂಲಿ ಪಂಪ್ ಸಾಯೋ ಮುಂಚೆ ತೊಟ್ಟಿಕ್ಕುತ್ತೆ, ಕಿರುಗುಟ್ಟುತ್ತೆ, ಒಂದು ಸೂಚನೆ ಕೊಡುತ್ತೆ, ಇದು ಹೇಳದೆ ಕೇಳದೆ ನಿಂತ್ಹೋಗುತ್ತೆ. ಗಾಡಿ ಹೊರೋ ಫ್ಲಾಟ್‌ಬೆಡ್ ಲಾರಿ ತರಿಸಿ ಹತ್ರದ ಒಂದು ಗ್ಯಾರೇಜಿಗೆ ಹಾಕಿಸ್ದೆ, ಪಂಪ್ ಥರ್ಮೋಸ್ಟಾಟ್ ಲೇಬರ್ ಎಲ್ಲ ಸೇರಿ ಐವತ್ತು ಸಾವಿರದ ಹತ್ರ. ದುಡ್ಡು ಹೋಗಿದ್ದಕ್ಕೆ ಬೇಜಾರಿಲ್ಲ. ಬೇಜಾರು ಬೋಲ್ಟಿಂದು.

ಕಥೆ ಏನಂದ್ರೆ ಪಂಪ್ ಕೂರೋ ಬೋಲ್ಟ್‌ಗಳು ಅಲ್ಯೂಮಿನಿಯಂ, ತಲೆ ಹೂವಿನ ಆಕಾರ, ತುದಿಗೆ ನೀಲಿ ಬಣ್ಣ. ಒಂದು ಸಲ ಬಿಗಿದ್ರೆ ಅದು ಹಿಗ್ಗಿರುತ್ತೆ, ಬಿಚ್ಚಿದ್ಮೇಲೆ ಬಿಸಾಕಿ ಹೊಸದೇ ಹಾಕ್ಬೇಕು. ಆ ಗ್ಯಾರೇಜಿನೋರು "ಇದಕ್ಕಿಂತ ಸ್ಟ್ರಾಂಗ್ ಸಾರ್" ಅಂತ ಮಾಮೂಲಿ ಸ್ಟೀಲ್ ಬೋಲ್ಟ್ ತಿರುಪಿ ಕಳ್ಸಿದಾರೆ. ಮೆಗ್ನೀಸಿಯಂಗೆ ಸ್ಟೀಲ್ ತಾಗಿ ಮಧ್ಯೆ ನೀರಿನ ಪಸೆ ಬಿದ್ರೆ ಅಲ್ಲೊಂದು ಸಣ್ಣ ಬ್ಯಾಟರಿ ಥರ ಆಗಿ ಮೆಗ್ನೀಸಿಯಂ ತಿನ್ಕೊಂಡು ಹೋಗುತ್ತೆ. ಒಂದೂವರೆ ವರ್ಷ ಆದ್ಮೇಲೆ ಆಯಿಲ್ ಫಿಲ್ಟರ್ ಹೌಸಿಂಗ್ ಗ್ಯಾಸ್ಕೆಟ್ (ಎಣ್ಣೆ ಸೋರದಂಗೆ ತಡೆಯೋ ಪಟ್ಟಿ) ಕೆಲಸಕ್ಕೆ ಅಂತ ಬೇರೆ ಕಡೆ ಬಿಚ್ಚಿಸಿದಾಗ, ವಿಲ್ಸನ್ ಗಾರ್ಡನ್ನಿನ ಮೇಸ್ತ್ರಿ ಒಬ್ರು ಕೈ ಮಾಡಿ ಕರೆದು ಟಾರ್ಚ್ ಹಾಕಿ ತೋರ್ಸಿದ್ರು, ಬೋಲ್ಟ್ ಸುತ್ತ ಬಿಳೀ ಪುಡಿ, ಗೋಡೆಗೆ ಉಪ್ಪು ಕಾರಿದಂಗೆ. "ಸ್ವಾಮಿ, ಇದು ಇನ್ನೆರಡು ವರ್ಷ ಬಿಟ್ಟಿದ್ರೆ ಬ್ಲಾಕೇ ಕೈಗೆ ಬರ್ತಿತ್ತು" ಅಂದ್ರು. ಮೂರರಲ್ಲಿ ಒಂದು ಒಳಗೇ ಮುರೀತು, ಅದನ್ನ ಡ್ರಿಲ್ ಮಾಡಿ ತೆಗೆಯೋಕೆ ಅರ್ಧ ದಿನ. ಎಲ್ಲಾ ಕೆಲಸ ಗೊತ್ತು ಅನ್ನೋ ಗ್ಯಾರೇಜಿಗಿಂತ "ಇದು ನಂಗೊತ್ತಿಲ್ಲ, ಓದಿ ಹೇಳ್ತೀನಿ" ಅನ್ನೋರ ಹತ್ರ ಬಿಡಿ.

ಆ ಗ್ಯಾಸ್ಕೆಟ್ ಬಗ್ಗೆನೂ ಹೇಳ್ಬಿಡ್ತೀನಿ. ಸಾಮಾನು ನೂರರ ಲೆಕ್ಕ, ಕೆಲಸ ಸಾವಿರದ ಲೆಕ್ಕ, ಅದಕ್ಕೇ ಎಲ್ರೂ ಮುಂದಕ್ಕೆ ಹಾಕ್ತಾರೆ. ಸೋರಿದ ಎಣ್ಣೆ ನೇರ ಬೆಲ್ಟ್ ಮೇಲೆ ಬೀಳುತ್ತೆ, ಬೆಲ್ಟ್ ಜಾರಿ ಚಿಂದಿಯಾದ್ರೆ ಅದರ ಎಳೆ ಕ್ರ್ಯಾಂಕ್ ಸೀಲ್ ಒಳಗೆ ಹೋದ ಕೇಸ್ ಇದಾವೆ, ಆಮೇಲೆ ಇಂಜಿನ್ನೇ ಬಿಚ್ಚೋದು. ಮುಂದಕ್ಕೆ ಹಾಕ್ಬೇಡಿ.

ಈಗ ಮುಖ್ಯ ವಿಷ್ಯ. ಪಂಪ್ ಹೋದ್ಮೇಲೆ ಗಾಡಿ ಕಂಪ್ಯೂಟರಿನ ಮಾಹಿತಿ ಫೋನಿಗೆ ಕಳಿಸೋ ಒಂದು ಒಬಿಡಿ ಡಾಂಗಲ್ ಹಾಕ್ಕೊಂಡು ಟೆಂಪರೇಚರ್ ನೋಡ್ತಾ ಓಡ್ಸೋಕೆ ಶುರು ಮಾಡಿದೆ. ಸಿಲ್ಕ್ ಬೋರ್ಡಲ್ಲಿ ನಿಂತಿದ್ದಾಗ 105, ಕೆಲವು ಸಲ ಇನ್ನೂ ಮೇಲೆ. ಇದು ದೋಷ ಅಲ್ಲ, ಪೆಟ್ರೋಲ್ ಉಳ್ಸೋಕೆ ಅಂತ ಕಂಪ್ಯೂಟರ್ರೇ ಬಿಸಿಯಾಗಿ ಇಟ್ಟಿರುತ್ತೆ. ಆದ್ರೆ ಚೆನ್ನಾಗಿ ತುಳಿದ್ರೆ ಅದೇ ಕಂಪ್ಯೂಟರ್ ಥರ್ಮೋಸ್ಟಾಟಿನ ಬಾಗಿಲು ತೆರೆದು, ಪಂಪ್ ಜೋರು ಮಾಡಿ ತಾನೇ ಇಳಿಸುತ್ತೆ. ಟ್ರ್ಯಾಕಲ್ಲಿ 6,500 ತನಕ ಎಳೀತಿರೋವಾಗ ನನ್ನ ಫೋನ್ ಸ್ಕ್ರೀನಲ್ಲಿ ಕಂಡಿದ್ದು 90ರ ಆಸುಪಾಸು! ಅಂದ್ರೆ ಎಲ್ರೂ "ಪಾಪ ಗಾಡಿಗೆ ಹಿಂಸೆ" ಅಂತಾರಲ್ಲ ಆ ಟ್ರ್ಯಾಕಲ್ಲಿ ಇಂಜಿನ್ ಆರಾಮಾಗಿದೆ, ಆಫೀಸಿಗೆ ಹೋಗೋವಾಗ ಅದರ ರಬ್ಬರು ಪ್ಲಾಸ್ಟಿಕ್ ಎಲ್ಲ ಗಂಟೆಗಟ್ಟಲೆ ಬೇಯ್ತಾ ಕೂತಿರುತ್ತೆ.

ಇನ್ನೊಂದು ಲೆಕ್ಕ ಹಾಕಿ. ನನ್ನ ಗಾಡಿಯ ಕಂಪ್ಯೂಟರಲ್ಲಿ ಸಿಟಿ ಸರಾಸರಿ ವೇಗ 17. ಏಳು ವರ್ಷದಲ್ಲಿ ಸಿಟಿಯೊಳಗೆ 40,000 ಕಿಮೀ ಓಡ್ಸಿದೀನಿ ಅಂದ್ರೆ ಸುಮಾರು 2,350 ಗಂಟೆ. ಅಷ್ಟೇ ಗಂಟೆ ಹೈವೇಲಿ 80ರಲ್ಲಿ ಹೋಗಿದ್ರೆ 1,88,000 ಕಿಮೀ ಆಗ್ತಿತ್ತು. "ಡಾಕ್ಟರ್ ಗಾಡಿ, ಬರೀ 50 ಸಾವಿರ ಓಡಿದೆ" ಅಂತ ಜಾಹೀರಾತು ಬರುತ್ತಲ್ಲ, ಆ ಡಾಕ್ಟರ್ ಕ್ಲಿನಿಕ್ ವೈಟ್‌ಫೀಲ್ಡಲ್ಲಿದ್ರೆ ಮೇಲೆಲ್ಲ ಥಳುಕು, ಒಳಗೆಲ್ಲ ಹುಳುಕು. ಹುಬ್ಬಳ್ಳಿ ಬೆಂಗಳೂರು ಓಡಾಡಿಕೊಂಡಿದ್ದ 1.2 ಲಕ್ಷದ ಗಾಡಿ ನಾನಾದ್ರೆ ಕಣ್ಮುಚ್ಚಿ ತಗೋತೀನಿ. ನೋಡೋಕೆ ಹೋದಾಗ ಮೊದಲು ಸರಾಸರಿ ವೇಗ ನೋಡಿ, ರೀಸೆಟ್ ಮಾಡಿದ್ರೆ ಯಾಕೆ ಅಂತ ಕೇಳಿ.

ಕೂಲೆಂಟ್ ತುಂಬೋದು ಮನೇಲೇ ಮಾಡ್ತೀನಿ, ಅದೊಂದು ಮಜಾ. ಬ್ಯಾಟರಿಗೆ ಚಾರ್ಜರ್ ಹಾಕಿ, ಇಂಜಿನ್ ಆನ್ ಮಾಡದೆ ಬರೀ ಇಗ್ನಿಷನ್, ಹೀಟರ್ ಫುಲ್ ಬಿಸಿಗೆ, ಬ್ಲೋವರ್ ಕಮ್ಮಿಗೆ, ಆಕ್ಸಿಲರೇಟರ್ ನೆಲಕ್ಕೆ ತಾಗೋಷ್ಟು ಒತ್ತಿ ಹತ್ತು ಸೆಕೆಂಡ್ ಹಿಡೀಬೇಕು. ಗುಂಯ್ ಅಂತ ಪಂಪ್ ತಾನೇ ಶುರುವಾಗಿ 12 ನಿಮಿಷ ಗಾಳಿ ತೆಗೆಯುತ್ತೆ. ಮೊದಲ ಸಲ ನಮ್ಮತ್ತೆ ಬೇಸ್‌ಮೆಂಟಿಗೆ ಬಂದು "ಬಂದ್ ಮಾಡಿದ ಗಾಡಿ ಯಾಕೆ ಗೊರಕೆ ಹೊಡೀತಿದೆ" ಅಂತ ಕೇಳಿದ್ರು.

ಮಾಡಿಫಿಕೇಷನ್ ವಿಷ್ಯದಲ್ಲಿ ನಾನು ದುಡ್ಡು ಸುರಿದ ಆರ್ಡರ್ ಉಲ್ಟಾ. ಮೊದಲು ಎಕ್ಸಾಸ್ಟ್, ಆಮೇಲೆ ಕಾಯ್ಲೋವರ್ (ಗಾಡಿ ಎತ್ತರ ಇಳಿಸೋಕಾಗೋ ಸಸ್ಪೆನ್ಷನ್), ಕೊನೇಗೆ ಬ್ರೇಕ್. ಎಕ್ಸಾಸ್ಟ್ ಪಕ್ಕದ ಮನೆಯೋರಿಗೂ ಟ್ರಾಫಿಕ್ ಪೊಲೀಸರಿಗೂ ಮಾತ್ರ ಉಪಯೋಗ ಆಯ್ತು, ತೆಗೆದು ಸ್ಟಾಕ್, ಅಂದ್ರೆ ಕಂಪನಿದೇ ಹಾಕ್ದೆ. ಕಾಯ್ಲೋವರಲ್ಲಿ ಒಂದಿಂಚು ಇಳಿಸಿದ್ದೆ, ಬನಶಂಕರಿಯ ಹಂಪ್‌ಗಳು ಎಂಟು ತಿಂಗಳಲ್ಲಿ ಬುದ್ಧಿ ಕಲ್ಸಿದ್ವು, ಮಾರಿ ಬಿಲ್‌ಸ್ಟೈನ್ ಬಿ6 ಶಾಕ್ಸ್ ಹಾಕಿ ಸ್ಪ್ರಿಂಗ್ ಸ್ಟಾಕಿಗೆ ಬಂದೆ. ಇದಕ್ಕೆ ಹತ್ತಕ್ಕೆ ಹತ್ತು, ಹೈವೇಲೂ ಟ್ರ್ಯಾಕಲ್ಲೂ ಮೈ ಅಲ್ಲಾಡಲ್ಲ, ಗುಂಡಿಲೂ ಸೊಂಟ ಉಳಿಯುತ್ತೆ. ಗಾಳಿ ಹೋದ್ರೂ ಸ್ವಲ್ಪ ದೂರ ಓಡೋ ರನ್‌ಫ್ಲಾಟ್ ಟೈರ್ ತೆಗೆದು ಮಾಮೂಲಿ ಟೈರ್ ಹಾಕಿದ್ದು ಅದಕ್ಕಿಂತ ದೊಡ್ಡ ವ್ಯತ್ಯಾಸ, ಆದ್ರೆ ಡಿಕ್ಕಿಲಿ ಸ್ಟೆಪ್ನಿ ಇಲ್ಲ, ಪಂಕ್ಚರ್ ಕಿಟ್ ಮತ್ತೆ ಗಾಳಿ ಪಂಪ್ ಇಲ್ದೆ ಹೊರಡ್ಬೇಡಿ.

ಬ್ರೇಕ್ ಪಾಠ ಇರುಂಗಾಟುಕೊಟ್ಟೈಲಿ ಆಯ್ತು. ಒಂದು ಲ್ಯಾಪ್ 3.7 ಕಿಮೀ, ನಾಲ್ಕನೇ ಲ್ಯಾಪಲ್ಲಿ ಸ್ಟ್ರೇಟ್ ಮುಗಿಸಿ ಕಾಲಿಟ್ರೆ ಪೆಡಲ್ ಸ್ಪಂಜಾಗಿ ಅರ್ಧಕ್ಕೆ ಹೋಯ್ತು, ಎದೆ ಬಾಯಿಗೆ ಬಂತು, ಹೊರಗಿನ ಮಣ್ಣು ಮುಟ್ಟಿ ವಾಪಸ್ ಬಂದೆ. ಪ್ಯಾಡ್ ದಪ್ಪ ಇತ್ತು, ಡಿಸ್ಕ್ ಚೆನ್ನಾಗಿತ್ತು, ಹಳೇದಾಗಿದ್ದು ಬ್ರೇಕ್ ಫ್ಲೂಯಿಡ್. ಹೊಸ ಡಾಟ್ 4 ದರ್ಜೆಯ ಫ್ಲೂಯಿಡ್ ಕಮ್ಮಿ ಅಂದ್ರೂ 230 ಡಿಗ್ರಿ ತನಕ ಕುದಿಯಲ್ಲ, ಅದೇ ತೇವ ಹೀರ್ಕೊಂಡ್ರೆ ಆ ಮಿತಿ 155ಕ್ಕೆ ಇಳಿಯುತ್ತೆ. ನಮ್ಮ ಮಳೆಗಾಲಗಳಲ್ಲಿ ಮೂರು ವರ್ಷ ಬದಲಾಯ್ಸದೆ ಇದ್ದಿದ್ದು ನನ್ನದೇ ತಪ್ಪು. ಎರಡು ಸಾವಿರ ರೂಪಾಯಿ ಕೆಲಸ. ಅದಾದ್ಮೇಲೆ ಮಾಡಿದ್ದು ಎರಡೇ, ಪ್ಯಾಡ್ ಬದಲಾಯ್ಸಿದೆ, ಮತ್ತೆ ಎಂ3ಯ (ಇದೇ ಗಾಡಿಯ ಸ್ಪೋರ್ಟ್ಸ್ ಮಾಡೆಲ್) ಮುಂದಿನ ಆರ್ಮ್ಸ್, ಅಂದ್ರೆ ಚಕ್ರ ಹಿಡಿದಿಡೋ ಸಸ್ಪೆನ್ಷನ್ ತೋಳು ಹಾಕ್ಸಿದೆ, ಅದು ಇದಕ್ಕೆ ನೇರವಾಗಿ ಕೂರುತ್ತೆ, ಕ್ಯಾಂಬರ್ (ಚಕ್ರದ ಓರೆ) ಸಿಗುತ್ತೆ, ಟೈರಿನ ಹೊರ ಅಂಚು ಸವೆಯೋದು ನಿಂತ್ಹೋಯ್ತು. ಬ್ರೇಕ್ ಹಾಕಿದಾಗ 90ರಲ್ಲಿ ಸ್ಟೀರಿಂಗ್ ನಡುಗ್ತಿದ್ದಿದ್ದೂ ಹೋಯ್ತು, ಅಸಲಿಗೆ ಹಳೇ ಆರ್ಮ್ ಬುಷ್ ಹರಿದಿತ್ತು, ನಾನು ಡಿಸ್ಕ್ ಅಂದ್ಕೊಂಡು ಎರಡು ಸಲ ಸ್ಕಿಮ್ಮಿಂಗ್ (ಡಿಸ್ಕ್ ಮೇಲ್ಮೈ ಕೆತ್ತಿ ಸಮ ಮಾಡೋದು) ಮಾಡ್ಸಿದ್ದೆ, ದಂಡ.

ಕಾಗದ ಪತ್ರದ ಕಡೆ ಹೇಳ್ಬೇಕಂದ್ರೆ, 15 ವರ್ಷ ತುಂಬಿತು, ಆರ್‌ಸಿ ರಿನ್ಯೂವಲ್ ಫೀ 2022ರ ಏಪ್ರಿಲಿಂದ 5,000, ಮೇಲೆ ಗ್ರೀನ್ ಟ್ಯಾಕ್ಸ್. ಗಾಡಿ ನೋಡೋಕೆ ಸ್ಟಾಕ್ ಆಗಿದ್ರೆ ಆರ್‌ಟಿಒಲಿ ಅರ್ಧ ತಲೆನೋವು ಕಮ್ಮಿ. ಇ20 ಪೆಟ್ರೋಲ್ (ನೂರಕ್ಕೆ 20 ಎಥೆನಾಲ್ ಬೆರೆಸಿದ್ದು) ಮಾತ್ರ ಚಿಂತೆ, ಗಾಡಿ ಕೈಪಿಡಿಲಿ ಇ10 ತನಕ ಅಂತಿದೆ, ಪೆಟ್ರೋಲ್ ಪೈಪ್‌ಗಳನ್ನ ಪ್ರತಿ ಸರ್ವೀಸಲ್ಲೂ ಕೈ ಆಡ್ಸಿ ನೋಡ್ತೀನಿ. ಇಂಜಿನ್ ಆಯಿಲಿಗೆ ಡಿಪ್‌ಸ್ಟಿಕ್ಕೂ (ಮಟ್ಟ ನೋಡೋ ಕಡ್ಡಿ) ಇಲ್ಲ, ಸ್ಕ್ರೀನ್ ಹೇಳಿದ್ದೇ ವೇದವಾಕ್ಯ, ಅದೂ ಬಿಸಿಯಾದ್ಮೇಲೆ ಸಮತಟ್ಟು ಜಾಗದಲ್ಲಿ.

ಹೋದ ಸಲ ಟ್ರ್ಯಾಕ್ ಗೇಟಲ್ಲಿ ಸರಾಸರಿ ವೇಗ ರೀಸೆಟ್ ಮಾಡಿ ಹೊರಟೆ. ವೆಲ್ಲೂರಲ್ಲಿ ಒಂದು ಕಾಫಿ, ಕೃಷ್ಣಗಿರಿ ದಾಟಿ ಅತ್ತಿಬೆಲೆ ಟೋಲಿಗೆ ಬಂದಾಗ 72 ತೋರಿಸ್ತಿತ್ತು, ಕೂಲೆಂಟ್ ತಣ್ಣಗೆ. ಬನಶಂಕರಿ ಮನೆ ಮುಂದೆ ನಿಲ್ಲಿಸ್ದಾಗ 58. ಇಂಜಿನ್ ಆಫ್ ಮಾಡಿ ಲಿಫ್ಟ್ ಹತ್ರ ಬಂದ್ರೂ ಫ್ಯಾನ್ ಇನ್ನೂ ತಿರುಗ್ತಾನೇ ಇತ್ತು.